ಜ್ವರಕ್ಕೊಂದು ಪೂರ್ವಕಥೆ



ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಪದ್ಯದ ಅರ್ಥವಾಗಬೇಕಾದರೆ ಅದರ ಸಂದರ್ಭ ತಿಳಿದಿರಬೇಕೆಂದು ವಿದ್ಯಾರ್ಥಿಗಳಿಗೆ ಸಾರಿ ಸಾರಿ ಹೇಳುತ್ತಿದ್ದೆ. ಆ ಮಾತು ಜ್ವರಕ್ಕೂ ಸಲ್ಲುತ್ತದೆಂದು ನಾನು ಕಲಿತದ್ದು ನಿವೃತ್ತನಾದ ಮೇಲೆ, ಸ್ವತಃ ಹಾಸಿಗೆ ಹಿಡಿದಾಗ.

ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ನೆಂಟರೊಡನೆ ಮುತ್ತತ್ತಿಗೆ ಹೋಗಿದ್ದೆ. ಆಂಜನೇಯನ ದರ್ಶನ ಮಾಡಿ, ಕಾವೇರಿಯ ದಡದಲ್ಲಿ ಬುತ್ತಿ ಉಂಡು, ಕುರುಚಲು ಗಿಡಗಳ ನಡುವೆ ಹುಲ್ಲಿನ ಮೇಲೆ ಅರೆಗಳಿಗೆ ಒರಗಿ, ಮಂಡ್ಯಕ್ಕೆ ಹಿಂದಿರುಗಿದೆ. ಹತ್ತು ದಿನ ಕಳೆದ ಮೇಲೆ ಜ್ವರ ಕಾಣಿಸಿತು. ಜೊತೆಗೆ ತಲೆ ಸಿಡಿಯುವಂಥ ನೋವು. ಮೊದಲು ನೋಡಿದ ವೈದ್ಯರು ಟೈಫಾಯಿಡ್ ಎಂದರು. ಮದ್ದೂರಿನ ಮಗಳ ಮನೆಗೆ ಹೋದಾಗ ಅಲ್ಲಿನವರು ಡೆಂಗಿ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು; ಅದೂ ಅಲ್ಲವೆಂದಾಯಿತು. ನೋಡಲು ಬಂದ ಬಂಧುವೊಬ್ಬರು, "ಮೇಷ್ಟ್ರಿಗೆ ಕೆಲಸವಿಲ್ಲದ ಕೊರಗು" ಎಂದರು. ಜ್ವರಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕುಗ್ಗಿಸಿತು.

ನನ್ನ ಮನೆಯಾಕೆ ಮಾತ್ರ ಸುಮ್ಮನೆ ಕೂರಲಿಲ್ಲ. ಜ್ವರ ಏರಿದ ಹೊತ್ತು, ಇಳಿದ ಹೊತ್ತು, ನುಂಗಿದ ಮಾತ್ರೆ ಎಲ್ಲವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಹನ್ನೊಂದನೆಯ ದಿನ ಮಂಡ್ಯದ ತರುಣ ವೈದ್ಯೆಯೊಬ್ಬರ ಮೇಜಿನ ಮೇಲೆ ಅದನ್ನು ಹರಡಿದಳು. ಆಕೆ ತಿಂಗಳ ಉದ್ದಕ್ಕೂ ಕಣ್ಣಾಡಿಸಿ, "ಇಲ್ಲಿ ಮುತ್ತತ್ತಿ ಎಂದಿದೆಯಲ್ಲ, ಕಾಡಿನಲ್ಲಿ ಕೂತಿದ್ದಿರಾ ಸರ್?" ಎಂದು ಕೇಳಿದರು. ಬಳಿಕ ಅಂಗಿ ತೆಗೆಸಿ ನೋಡಿದರೆ, ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ! ನೋವಿಲ್ಲದ್ದರಿಂದ ನನಗೆ ಅದರ ಅರಿವೇ ಇರಲಿಲ್ಲ.

ಅದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲುಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚುವುದರಿಂದ ಬರುವ ಜ್ವರ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಎರಡೇ ದಿನದಲ್ಲಿ ಅದು ಇಳಿಯಿತು. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳಿಗೂ ಅಪಾಯ.

ಚೇತರಿಸಿಕೊಳ್ಳುತ್ತಿರುವಾಗ ಇಂಥ ರೋಗಗಳನ್ನು ಕುರಿತು ಓದಿದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಲೈಮ್ ಎಂಬ ಊರಿದೆ. ಅಲ್ಲಿಯ ಮಕ್ಕಳ ಮಂಡಿಗಳು ಬಾತುಕೊಳ್ಳುತ್ತಿದ್ದವು. ಪಾಲಿ ಮರ್ರೆ ಎಂಬ ತಾಯಿ ತನ್ನ ಮನೆಯವರ ಕಾಯಿಲೆಯ ವಿವರಗಳನ್ನು ಬರೆದಿಟ್ಟು, ವೈದ್ಯರು ನಂಬದಿದ್ದರೂ ಬಿಡದೆ, 1975ರಲ್ಲಿ ಆರೋಗ್ಯ ಇಲಾಖೆಯ ಗಮನ ಸೆಳೆದಳು. ಏಲ್ ವಿಶ್ವವಿದ್ಯಾಲಯದ ವೈದ್ಯರು ಶೋಧನೆಗೆ ತೊಡಗಿದರು. ಜಿಂಕೆಯ ಮೈಮೇಲೂ ಇರುವ ಉಣುಗಿನಿಂದ ಬರುವ ಆ ರೋಗದ ಸೂಕ್ಷ್ಮಾಣುವನ್ನು ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಗುರುತಿಸಿದ್ದು 1982ರಲ್ಲಿ ಪ್ರಕಟವಾಯಿತು. ನಮ್ಮ ನಾಗರಹೊಳೆ, ಬಂಡೀಪುರಗಳ ಅರಣ್ಯ ಸಿಬ್ಬಂದಿಯ ರಕ್ತದಲ್ಲಿಯೂ ಆ ಸೋಂಕಿನ ಕುರುಹುಗಳನ್ನು ಈಚೆಗೆ ವೈದ್ಯರು ಕಂಡಿದ್ದಾರೆ. ಉಣುಗಿನ ರೋಗ ನಮಗೆ ಹೊಸದೂ ಅಲ್ಲ: 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುದೇ ಮಂಗನ ಕಾಯಿಲೆಯ ಸುಳಿವಾಗಿತ್ತು.

ವೈದ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಜ್ವರಗಳೆಲ್ಲ ಮೊದಲಿಗೆ ಒಂದೇ ಮುಖದವು. ಸಾಲುಗಟ್ಟಿದ ರೋಗಿಗಳ ನಡುವೆ ಅವರಿಗೆ ಸಿಗುವುದು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷಕ್ಕೆ ನಾವು ಸಿದ್ಧರಾಗಿ ಹೋಗಬೇಕು. ಕಬ್ಬಿನ ಗದ್ದೆಗೆ ಇಳಿದಿದ್ದೆವೆ, ದನ ಮೇಯಿಸಲು ಪೊದೆ ಹೊಕ್ಕಿದ್ದೆವೆ, ಯಾತ್ರೆಗೆ ಹೋಗಿದ್ದೆವೆ ಎಂಬುದನ್ನು ಕೇಳದಿದ್ದರೂ ಹೇಳಬೇಕು. ಮೈಮೇಲಿನ ಕಲೆಯನ್ನು ಸಂಕೋಚಪಟ್ಟು ಮರೆಮಾಡಬಾರದು. ಮನೆಯವರು ದಿನದಿನದ ಜ್ವರವನ್ನು ಗುರುತು ಹಾಕಿಡಬೇಕು. ಎಲ್ಲಕ್ಕಿಂತ ಮೊದಲು, ನೋವು ಎಂದವನ ಮಾತನ್ನು ನಂಬಬೇಕು.

ಆ ಕ್ಯಾಲೆಂಡರನ್ನು ವರ್ಷ ಮುಗಿದರೂ ನಾವು ಎಸೆದಿಲ್ಲ. ನನ್ನ ಪುಸ್ತಕಗಳ ಕಪಾಟಿನಲ್ಲಿ ಅದಕ್ಕೂ ಒಂದು ಸ್ಥಳ ಸಿಕ್ಕಿದೆ.