ಮೊದಲು ಬಾಯಿ, ಆಮೇಲೆ ಕೈ
(ಸಾಕ್ಷರತಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಕರಾಟೆ ಬಗ್ಗೆ ಮಾತಾಡೋಣ. ನಗು ಬಂದರೆ ಈಗಲೇ ನಕ್ಕುಬಿಡಿ. ಆಮೇಲೆ ಕೇಳಿ.

ಹೋದ ವಾರ ಕಪ್ಪು ಹಲಗೆಯ ಮೇಲೆ ‘ಕರಾಟೆ’ ಎಂದು ಬರೆದೆವು. ಎಲ್ಲರೂ ಅಕ್ಷರ ಕೂಡಿಸಿ ಓದಿದರು. ಕ-ರಾ-ಟೆ. ಹಾಗಂದರೆ ಏನು ಎಂದು ಕೇಳಿದೆವು. ಹಿಂದಿನ ಸಾಲಿನ ಅಜ್ಜಿ ಥಟ್ಟನೆ ಹೇಳಿದರು. “ಕರ ಅಂದ್ರೆ ಕೈ. ಕರಾಟೆ ಅಂದ್ರೆ ಕೈ ಆಟ.” ಎಲ್ಲರೂ ಗೊಳ್ಳೆಂದು ನಕ್ಕರು.

ಆದರೆ ಅಜ್ಜಿಯ ಮಾತು ತೀರಾ ದೂರ ಹೋಗಿಲ್ಲ. ಕರಾಟೆ ಜಪಾನ್ ದೇಶದ ಮಾತು. ಅವರ ಮಾತಿನಲ್ಲಿ ‘ಕರ’ ಎಂದರೆ ಬರಿದು. ‘ತೆ’ ಎಂದರೆ ಕೈ. ಎರಡೂ ಸೇರಿದರೆ ಬರಿಗೈ. ಕತ್ತಿ ಇಲ್ಲದೆ, ಕೋಲು ಇಲ್ಲದೆ, ಬರಿಗೈಯಲ್ಲಿ ತನ್ನನ್ನು ಕಾಪಾಡಿಕೊಳ್ಳುವ ವಿದ್ಯೆ ಅದು. ಜಪಾನಿನ ಒಕಿನಾವಾ ದ್ವೀಪದಲ್ಲಿ ಬೆಳೆದದ್ದು.

ಚೆನ್ನಾಗಿ ಕಲಿತವರಿಗೆ ಕಪ್ಪು ಬೆಲ್ಟ್ ಕೊಡುತ್ತಾರೆ ಎಂದೆವು. ಇನ್ನೊಬ್ಬ ಅಕ್ಕ ಬಾಯಿ ಹಾಕಿದರು. “ನಮ್ಮೂರಲ್ಲಿ ಕಪ್ಪು ಬೆಲ್ಟ್ ಇರೋದು ಹಿಟ್ಟಿನ ಗಿರಣಿಗೆ ಮಾತ್ರ. ಅದೂ ತಿಂಗಳಿಗೊಂದು ಸಲ ಕಿತ್ತು ಹೋಗುತ್ತೆ!”

ನಗುವುದು ಒಳ್ಳೆಯದೇ. ಆದರೆ ಈ ಮಾತು ಯಾಕೆ ಬಂತು, ನಿಮಗೆ ಗೊತ್ತು. ನಮ್ಮ ಕೇಂದ್ರಕ್ಕೆ ಬರುವ ದಾರಿಯಲ್ಲಿ ಮೋರಿ ಕಟ್ಟೆ ಇದೆ. ಸಂಜೆಯಾದರೆ ಅಲ್ಲಿ ನಾಲ್ಕೈದು ಹುಡುಗರು ಕೂರುತ್ತಾರೆ. ಶಿಳ್ಳೆ ಹಾಕುತ್ತಾರೆ. ಒಂದು ದಿನ ಒಬ್ಬ ದಾರಿಗೆ ಅಡ್ಡ ನಿಂತ. ಮಾರನೇ ದಿನದಿಂದ ಮೂವರು ಹೆಂಗಸರು ಓದಲು ಬರಲಿಲ್ಲ. “ಮನೇಲೇ ಇರು, ಓದಿದ್ದು ಸಾಕು” ಎಂದರಂತೆ ಮನೆಯವರು.

ತಪ್ಪು ಮಾಡಿದವರು ಕಟ್ಟೆ ಮೇಲೆ. ಶಿಕ್ಷೆ ಯಾರಿಗೆ? ಮನೆಯೊಳಗೆ ಕೂತವರಿಗೆ. ಇದು ಯಾವ ನ್ಯಾಯ? ಅದಕ್ಕೇ ಇವತ್ತು ಈ ಮಾತು.

ಓಬವ್ವನ ಒನಕೆ

ಕರಾಟೆ ನಮ್ಮ ಊರಿಗೆ ಬರುವ ಮೊದಲೇ ನಮಗೆ ಒಬ್ಬ ಗುರು ಇದ್ದಳು. ಒನಕೆ ಓಬವ್ವ. ‘ನಾಗರಹಾವು’ ಸಿನಿಮಾ ನೋಡಿದವರಿಗೆ ನೆನಪಿರಬೇಕು. 1972ರಲ್ಲಿ ಬಂದ ಸಿನಿಮಾ. ಜಯಂತಿ ಅವರು ಓಬವ್ವ ಆಗಿದ್ದರು.

ಕತೆ ನಿಮಗೆ ಗೊತ್ತು. ಹದಿನೆಂಟನೇ ಶತಮಾನ. ಹೈದರಾಲಿಯ ಸೈನ್ಯ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿತ್ತು. ಓಬವ್ವನ ಗಂಡ ಕೋಟೆಯ ಕಾವಲುಗಾರ. ಅವನು ಊಟಕ್ಕೆ ಕೂತಿದ್ದ. ಓಬವ್ವ ನೀರು ತರಲು ಹೋದಳು. ಬಂಡೆಯ ಕಿಂಡಿಯಲ್ಲಿ ಶತ್ರು ಸೈನಿಕರು ನುಸುಳಿ ಬರುವುದು ಕಂಡಿತು. ಗಂಡನನ್ನು ಊಟದಿಂದ ಎಬ್ಬಿಸಲಿಲ್ಲ. ಒನಕೆ ತಂದಳು. ಕಿಂಡಿಯ ಪಕ್ಕ ನಿಂತಳು. ತಲೆ ಹೊರಗೆ ಬಂದಂತೆ ಒಂದೊಂದೇ ಏಟು. ಬಿದ್ದವರನ್ನು ಪಕ್ಕಕ್ಕೆ ಎಳೆದು ಹಾಕಿದಳು. ಹಿಂದೆ ಬರುವವರಿಗೆ ಅನುಮಾನ ಬರಬಾರದಲ್ಲ! ಹೀಗೆಂದು ನಮ್ಮ ಜನ ತಲೆಮಾರಿನಿಂದ ಹೇಳುತ್ತ ಬಂದಿದ್ದಾರೆ. ಆ ಕಿಂಡಿ ಇಂದಿಗೂ ಕೋಟೆಯಲ್ಲಿದೆ. ಅದಕ್ಕೆ ಓಬವ್ವನ ಕಿಂಡಿ ಎಂದೇ ಹೆಸರು.

ಈ ಕತೆಯಲ್ಲಿ ಮೂರು ಪಾಠ ಇವೆ.

ಒಂದು. ಓಬವ್ವ ಕತ್ತಿ ಹುಡುಕಲಿಲ್ಲ. ಕೈಗೆ ಒಗ್ಗಿದ್ದನ್ನೇ ಹಿಡಿದಳು. ದಿನಾ ಭತ್ತ ಕುಟ್ಟಿದ ತೋಳು ಅದು. ಅದೇ ಅವಳ ತಾಲೀಮು.

ಎರಡು. ನಿಲ್ಲುವ ಜಾಗ ಆರಿಸಿಕೊಂಡಳು. ಬಯಲಲ್ಲಿ ನಿಂತಿದ್ದರೆ ನೂರು ಜನ ಸುತ್ತುವರಿಯುತ್ತಿದ್ದರು. ಕಿಂಡಿಯಲ್ಲಿ ಒಬ್ಬೊಬ್ಬನೇ ಬರಬೇಕು.

ಮೂರು. ಹೆದರಿಕೆ ಆಗಿರಬಹುದು. ಆದರೆ ಬುದ್ಧಿ ಕೆಡಲಿಲ್ಲ.

ಜೂಡೋ ಎಂಬ ಇನ್ನೊಂದು ವಿದ್ಯೆ ಇದೆ. ಜಪಾನಿನ ಜಿಗೊರೊ ಕಾನೊ ಎಂಬ ಮೇಷ್ಟ್ರು 1882ರಲ್ಲಿ ಶುರು ಮಾಡಿದರು. ಅದರ ಗುಟ್ಟು ಇಷ್ಟೇ. ಎದುರಿಗೆ ಇರುವವನು ತಳ್ಳಿದರೆ ನಾವೂ ತಳ್ಳಬಾರದು. ಸ್ವಲ್ಪ ಸರಿದು ಎಳೆಯಬೇಕು. ಅವನ ಬಲದಿಂದಲೇ ಅವನು ಬೀಳುತ್ತಾನೆ. ಗುಮ್ಮಲು ಬರುವ ಹೋರಿಗೆ ಎದೆ ಕೊಡುವವರು ಯಾರು? ಪಕ್ಕಕ್ಕೆ ಸರಿಯುತ್ತೇವೆ ತಾನೇ?

ಇದೆಲ್ಲ ಎಳೆಯರಿಗೆ ಎನ್ನಬೇಡಿ. ಕೇರಳದ ವಡಕರದಲ್ಲಿ ಮೀನಾಕ್ಷಿ ಅಮ್ಮ ಎಂಬ ಗುರು ಇದ್ದಾರೆ. ಕಳರಿಪಯಟ್ಟು ಎಂಬ ಕತ್ತಿ ಕೋಲಿನ ವಿದ್ಯೆ ಕಲಿಸುತ್ತಾರೆ. ಎಪ್ಪತ್ತು ದಾಟಿದ ಮೇಲೂ ಸೀರೆ ಉಟ್ಟೇ ಕತ್ತಿ ಹಿಡಿದು ಆಡಿದರು. 2017ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇಲ್ಲಿ ‘ಸೊಂಟ ನೋವು’ ಎಂದು ಗೊಣಗುವ ಅಕ್ಕಂದಿರು ಇದನ್ನು ಎರಡು ಸಲ ಓದಿ!

ಬಾಯಿ ಎಂಬ ಆಯುಧ

ನಮ್ಮಲ್ಲಿ ಕತ್ತಿ ಇಲ್ಲ. ಆದರೆ ಬಾಯಿ ಇದೆ. ಅದು ಇದೆ ಎಂದು ನಮ್ಮ ಮನೆಯವರು ದಿನಾ ಹೇಳುತ್ತಾರೆ.

ಒಂದು ಹಳೇ ಕತೆ ಕೇಳಿ. ಒಂದು ರಾತ್ರಿ ಗಂಡ ಹೆಂಡತಿ ಮಲಗಿದ್ದರು. ಅಟ್ಟದ ಮೇಲೆ ಕಳ್ಳ ಅಡಗಿದ್ದ. ಹೆಂಡತಿಗೆ ಅದು ಗೊತ್ತಾಯಿತು. ಗಂಡನನ್ನು ಮೆಲ್ಲಗೆ ಎಬ್ಬಿಸಿದಳು. “ಏನೂಂದ್ರೆ, ನಮಗೆ ಮೂರು ಗಂಡು ಮಕ್ಕಳಾದ್ರೆ ಏನು ಹೆಸರಿಡೋಣ?” ಎಂದಳು. ಗಂಡನಿಗೆ ತಬ್ಬಿಬ್ಬು. ಅವಳೇ ಹೇಳಿದಳು. “ಮೊದಲನೆಯವನು ರಾಮ. ಎರಡನೆಯವನು ಭೀಮ. ಮೂರನೆಯವನು ಕಳ್ಳ.” “ಕಳ್ಳ ಅಂತ ಯಾರಾದ್ರೂ ಹೆಸರಿಡ್ತಾರೇನೇ?” ಎಂದ ಗಂಡ. “ಇಡ್ತಾರೆ. ಅವರು ಆಡೋಕೆ ಹೋದಾಗ ಹೀಗೆ ಕೂಗ್ತೀನಿ” ಎಂದು ಗಟ್ಟಿಯಾಗಿ ಕೂಗಿದಳು. “ರಾಮಾ! ಭೀಮಾ! ಕಳ್ಳಾ!” ಪಕ್ಕದ ಮನೆಯ ರಾಮ, ಎದುರು ಮನೆಯ ಭೀಮ ದೊಣ್ಣೆ ಹಿಡಿದು ಓಡಿ ಬಂದರು. ಕಳ್ಳ ಸಿಕ್ಕಿಬಿದ್ದ. ಪಾಪ, ಅವನು ಅಟ್ಟದ ಮೇಲೆ ಕೂತು ಹೆಸರಿಡುವ ಶಾಸ್ತ್ರ ಕೇಳುತ್ತಿದ್ದ!

ಬಸ್ಸಿನಲ್ಲೂ ಹೀಗೇ. ಬೇಕೆಂದೇ ಮೈಮೇಲೆ ಬೀಳುವವರು ಇರುತ್ತಾರೆ. ನಾವು ಮುದುಡಿ ಸುಮ್ಮನಿದ್ದರೆ ಅವರಿಗೆ ಹಬ್ಬ. ನಮ್ಮ ಕೇಂದ್ರದ ಒಬ್ಬ ಅಕ್ಕ ಏನು ಮಾಡಿದರು ಗೊತ್ತೇ? ಗಟ್ಟಿಯಾಗಿ ಕೂಗಿದರು. “ಯಾರಾದ್ರೂ ಸೀಟು ಬಿಡ್ರಪ್ಪಾ! ಈ ನೀಲಿ ಅಂಗಿ ಅಣ್ಣನಿಗೆ ತಲೆ ಸುತ್ತು ಬಂದಿದೆ. ನಿಲ್ಲೋಕೆ ಆಗದೆ ಮೈಮೇಲೆ ಬೀಳ್ತಾ ಇದಾರೆ!” ಬಸ್ಸಿನವರೆಲ್ಲ ನೀಲಿ ಅಂಗಿಯ ಕಡೆ ತಿರುಗಿದರು. ಅಣ್ಣನ ತಲೆಸುತ್ತು ಅಲ್ಲೇ ವಾಸಿಯಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ.

ಇದರಲ್ಲಿ ಒಂದು ಜಾಣತನ ಇದೆ, ಗಮನಿಸಿ. ಬರೀ ‘ಅಯ್ಯೋ’ ಎಂದು ಕೂಗಿದರೆ ಯಾರಿಗೂ ತಿಳಿಯುವುದಿಲ್ಲ. ಯಾರು, ಏನು ಮಾಡುತ್ತಿದ್ದಾನೆ ಎಂದು ಕೂಗಬೇಕು. “ನೀಲಿ ಅಂಗಿಯವನೇ, ಕೈ ತೆಗಿ!” ಆಗ ಅವನು ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ.

ಮಾತಿಗೂ ಅಳತೆ ಬೇಕು. ಅವನ ಜಾತಿ ಎತ್ತಬೇಡಿ. ಅವನ ಅಮ್ಮನನ್ನು ಬಯ್ಯಬೇಡಿ. ತಪ್ಪು ಅವನದು, ಅವಳದಲ್ಲ. ಕುಡಿದವನ ಹತ್ತಿರ, ಚಾಕು ಹಿಡಿದವನ ಹತ್ತಿರ ತಮಾಷೆ ಬೇಡ. ಅವನು ಸರ ಕೇಳಿದರೆ ಬಿಸಾಕಿ ಓಡಿ. ಚಿನ್ನ ಮತ್ತೆ ಮಾಡಿಸಬಹುದು. ಜೀವ ಮಾಡಿಸಲು ಆಗುವುದಿಲ್ಲ.

ಕೈ ಮತ್ತು ಕಾಲು

ಈಗ ಕೈ ಆಟ. ಪಕ್ಕದವರ ಕೈ ಹಿಡಿದು ಅಭ್ಯಾಸ ಮಾಡಿ. ಮೆಲ್ಲಗೆ ಮಾಡಿ. ಹಳೇ ಜಗಳ ಇಲ್ಲಿ ತೀರಿಸಿಕೊಳ್ಳಬೇಡಿ.

ಯಾರೋ ನಿಮ್ಮ ಮಣಿಕಟ್ಟು ಹಿಡಿದರು ಎನ್ನಿ. ಹಿಂದಕ್ಕೆ ಜಗ್ಗಿದರೆ ಬಿಡುವುದಿಲ್ಲ. ಅವನ ಕೈ ನೋಡಿ. ಒಂದು ಕಡೆ ನಾಲ್ಕು ಬೆರಳು. ಅದು ಗೋಡೆ. ಇನ್ನೊಂದು ಕಡೆ ಹೆಬ್ಬೆರಳು ಒಂದೇ. ಅದು ಬಾಗಿಲು. ಗೋಡೆ ಒಡೆದು ಯಾರಾದರೂ ಹೊರಗೆ ಬರುತ್ತಾರೆಯೇ? ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಜೋರಾಗಿ ಎಳೆಯಿರಿ. ಜೊತೆಗೆ “ಬಿಡು!” ಎಂದು ಕೂಗಿ. ಕೂಗಿದರೆ ಮೈಗೆ ಬಲ ಬರುತ್ತದೆ. ಕರಾಟೆಯವರೂ ಅದಕ್ಕೇ ಕೂಗುವುದು.

ಹಿಂದಿನಿಂದ ತಬ್ಬಿ ಹಿಡಿದರೆ? ಹಿಮ್ಮಡಿಯಿಂದ ಅವನ ಪಾದ ತುಳಿಯಿರಿ. ಮೊಣಕೈಯಿಂದ ಹೊಟ್ಟೆಗೆ ತಿವಿಯಿರಿ. ರಾಗಿ ಬೀಸಿದ, ನೀರು ಸೇದಿದ ಕೈ ನಮ್ಮದು. ಬಲ ಇದೆ. ಅದು ಇದೆ ಎಂಬುದನ್ನು ಮರೆತಿದ್ದೇವೆ, ಅಷ್ಟೇ.

ಕೊಡೆ, ಬೀಗದ ಕೈ, ಟಿಫನ್ ಕ್ಯಾರಿಯರ್, ಸೀರೆಯ ಪಿನ್ನು, ಎಲ್ಲವೂ ಒನಕೆಯ ತಂಗಿಯರೇ. ಖಾರದ ಪುಡಿಯೂ ಆಗುತ್ತದೆ. ಆದರೆ ಗಾಳಿ ನೋಡಿ ಎರಚಬೇಕು. ಅಂಗಳದಲ್ಲಿ ಒಬ್ಬ ತಂಗಿ ಎಲ್ಲರಿಗೂ ತೋರಿಸಲು ಹೋಗಿ ಎದುರು ಗಾಳಿಗೆ ಎರಚಿದಳು. ಕಳ್ಳ ಇರಲಿಲ್ಲ. ನಾವೆಲ್ಲ ಇದ್ದೆವು. ಅವತ್ತು ಪಾಠ ಆಗಲಿಲ್ಲ, ಬರೀ ಸೀನು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಭತ್ತಕ್ಕೆ ಮಾತ್ರ ಅಲ್ಲ.

ಕೊನೆಯದು ಕಾಲು. ಕೈ ಬಿಡಿಸಿಕೊಂಡ ಕೂಡಲೇ ಓಡಿ. ಬೆಳಕು ಇರುವ ಕಡೆ, ಜನ ಇರುವ ಕಡೆ ಓಡಿ. ಓಡಿದರೆ ಸೋಲಲ್ಲ. ಕ್ಷೇಮವಾಗಿ ಮನೆ ಸೇರಿದರೆ ಅದೇ ಗೆಲುವು. ಭಯಕ್ಕೆ ಕೈ ಕಾಲು ಆಡದೆ ನಿಂತುಬಿಟ್ಟರೂ ಅದು ನಿಮ್ಮ ತಪ್ಪಲ್ಲ. ತಪ್ಪು ಯಾವಾಗಲೂ ಮೇಲೆ ಬಿದ್ದವನದೇ.

ಕಾನೂನು ನಮ್ಮ ಕಡೆ

“ಹೊಡೆದರೆ ನಮ್ಮನ್ನೇ ಜೈಲಿಗೆ ಹಾಕ್ತಾರಾ?” ಎಂದು ನೀವು ಕೇಳಿದಿರಿ. ಒಳ್ಳೆಯ ಪ್ರಶ್ನೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಎಂಬ ಕಾನೂನು ಜಾರಿಗೆ ಬಂದಿದೆ. ತನ್ನನ್ನು ಕಾಪಾಡಿಕೊಳ್ಳಲು ಮಾಡಿದ್ದು ಅಪರಾಧ ಅಲ್ಲ ಎಂದು ಅದರ 34ನೇ ಕಲಮು ಹೇಳುತ್ತದೆ. ಪಕ್ಕದವಳನ್ನು ಕಾಪಾಡಲೂ ನಮಗೆ ಹಕ್ಕು ಇದೆ. ಆದರೆ ಒಂದು ಮಿತಿ ಇದೆ. ಎಷ್ಟು ಬೇಕೋ ಅಷ್ಟೇ. ಅವನು ಬಿಟ್ಟು ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆ ಅಲ್ಲ, ಸೇಡು.

ಹೆಂಗಸಿನ ಮಾನಕ್ಕೆ ಕೈ ಹಾಕಿದವನಿಗೆ 74ನೇ ಕಲಮಿನಲ್ಲಿ 1ರಿಂದ 5 ವರ್ಷದವರೆಗೆ ಜೈಲು ಇದೆ. ಮಾನ ಹೋಗುವಂಥ ಕೆಟ್ಟ ಮಾತು, ಕೆಟ್ಟ ಸನ್ನೆಗೂ ಶಿಕ್ಷೆ ಇದೆ. ಪೊಲೀಸರನ್ನು ಕರೆಯಲು 112. ಹೆಂಗಸರ ಸಹಾಯಕ್ಕೆ 181.

ದೂರು ಕೊಟ್ಟಾಗ ಬರೆದುಕೊಂಡದ್ದನ್ನು ನೀವೇ ಓದಿ. ಸರಿ ಇದ್ದರೆ ಮಾತ್ರ ಸಹಿ ಹಾಕಿ. ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. ಕೈ ಹಿಡಿದವನ ಬಲಹೀನ ಜಾಗ ಅವನ ಹೆಬ್ಬೆರಳು ಎಂದೆವಲ್ಲ. ನಮ್ಮ ಬಲಹೀನ ಜಾಗವೂ ಅದೇ ಆಗಿತ್ತು. ಯಾರು ಏನು ಬರೆದರೂ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಆ ಬಾಗಿಲು ಮುಚ್ಚಿದೆ.

ಒಂದು ಮಾತು ನಗದೆ ಕೇಳಿ. ಎಷ್ಟೋ ಸಲ ಕೈ ಎತ್ತುವವನು ಬೀದಿಯಲ್ಲಿ ಇರುವುದಿಲ್ಲ, ಮನೆಯಲ್ಲೇ ಇರುತ್ತಾನೆ. ಅದಕ್ಕೂ 2005ರ ಕಾನೂನು ಇದೆ. ಅದನ್ನು ಒಬ್ಬಳೇ ನುಂಗಬೇಡಿ. ನಮ್ಮಲ್ಲಿ ಒಬ್ಬರಿಗಾದರೂ ಹೇಳಿ. 181ಕ್ಕೂ ಹೇಳಬಹುದು.

ಒಂದಾದರೆ ಬಲ

ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ. ಅಲ್ಲಿಯೂ ನಮ್ಮ ಹಾಗೇ ಹೆಂಗಸರು ಸಂಜೆ ಓದಲು ಕೂರುತ್ತಿದ್ದರು. ಪುಸ್ತಕದಲ್ಲಿ ಒಂದು ಪಾಠ ಇತ್ತು. ಹೆಂಗಸರು ಒಂದಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಪಾಠ. ಓದಿದವರು ಯೋಚಿಸಿದರು. ಎದ್ದು ಹೋಗಿ ತಮ್ಮೂರಿನ ಸಾರಾಯಿಯನ್ನೂ ನಿಲ್ಲಿಸಿದರು. 1992ರಲ್ಲಿ ಆ ಕಿಚ್ಚು ಊರಿಂದ ಊರಿಗೆ ಹಬ್ಬಿತು. ಪೊರಕೆ, ಖಾರದ ಪುಡಿ ಹಿಡಿದು ಹೆಂಗಸರು ಬೀದಿಗೆ ಬಂದರು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. ಒಂದು ಪಾಠ ಓದಿದ್ದಕ್ಕೆ ಇಷ್ಟೆಲ್ಲ!

ನಾವೂ ಸಣ್ಣದಾಗಿ ಒಂದು ಮಾಡಿದೆವು. ಮೂರು ಮನೆಗೂ ಹೋದೆವು. ಮನೆಯವರ ಜೊತೆ ಮಾತಾಡಿದೆವು. ಹದಿನಾಲ್ಕು ಜನ ಟಾರ್ಚ್ ಹಿಡಿದು ಒಟ್ಟಿಗೆ ಹೊರಟೆವು. ಮೋರಿ ಕಟ್ಟೆ ಹತ್ತಿರ ಒಬ್ಬ ಹುಡುಗ ಕೂಗಿದ. “ಈ ವಯಸ್ಸಲ್ಲಿ ಓದಿ ಡಿ.ಸಿ. ಆಗ್ತೀಯೇನಜ್ಜಿ?” ಗುಂಪಿನ ಮುಂದಿದ್ದ ದೊಡ್ಡಮ್ಮ ನಿಂತರು. “ಡಿ.ಸಿ. ಆಗೋದು ಆಮೇಲೆ ಕಣಪ್ಪ. ಮೊದಲು ನಿಮ್ಮಪ್ಪ ನನ್ನ ಹತ್ರ ಸಾಲ ಮಾಡಿದ ಚೀಟಿ ಇದೆ. ಅದನ್ನ ಓದಬೇಕು” ಎಂದರು. ಅವನ ಗೆಳೆಯರೇ ಹೊಟ್ಟೆ ಹಿಡಿದು ನಕ್ಕರು. ಕೈಗೆ ಕೆಲಸ ಬರಲಿಲ್ಲ. ಬಾಯಿಯೇ ಸಾಕಾಯಿತು. ಆ ಮೂವರೂ ಈಗ ಪಾಠಕ್ಕೆ ಬರುತ್ತಿದ್ದಾರೆ.

ಇನ್ನು ಮುಂದೆ ಹೀಗೆ ಮಾಡೋಣ. ಒಬ್ಬೊಬ್ಬರೇ ಬರುವುದು ಬೇಡ, ಜೊತೆ ಮಾಡಿಕೊಂಡು ಬರೋಣ. ವಾರಕ್ಕೆ ಒಂದು ದಿನ ಕೈ ಬಿಡಿಸುವ ಅಭ್ಯಾಸ ಮಾಡೋಣ. ಮನೆಯ ಹೆಣ್ಣು ಮಕ್ಕಳಿಗೂ ಕಲಿಸೋಣ. ಗಂಡು ಮಕ್ಕಳಿಗೆ ಇನ್ನೊಂದು ಪಾಠ ಕಲಿಸೋಣ. ದಾರಿಗೆ ಅಡ್ಡ ನಿಲ್ಲಬೇಡ ಎಂಬ ಪಾಠ. ಆ ಪಾಠ ಎಲ್ಲರೂ ಕಲಿತರೆ ಕರಾಟೆ ಬರೀ ಆಟವಾಗಿ ಉಳಿಯುತ್ತದೆ.

ಈಗ ಸ್ಲೇಟು ತೆಗೆಯಿರಿ. ಬರೆಯಿರಿ.

1. ಸಹಾಯಕ್ಕೆ ಕರೆಯುವ ಎರಡು ನಂಬರು: 112, 181.
2. ಓಬವ್ವನ ಆಯುಧ ಒನಕೆ. ನಿಮ್ಮ ಮನೆಯಲ್ಲಿ ಇರುವ ಮೂರು ಆಯುಧಗಳ ಹೆಸರು ಬರೆಯಿರಿ.
3. ಚುಡಾಯಿಸುವವನಿಗೆ ಏನು ಉತ್ತರ ಕೊಡುತ್ತೀರಿ? ಒಂದು ಸಾಲು ಬರೆಯಿರಿ. ಬಯ್ಗುಳ ಇರಬಾರದು. ಕೇಳಿದವರಿಗೆ ನಗು ಬರಬೇಕು.

ಬರೆದವರು ಎದ್ದು ನಿಂತು ಗಟ್ಟಿಯಾಗಿ ಓದಿ. ಮೋರಿ ಕಟ್ಟೆಯವರೆಗೂ ಕೇಳಿಸಲಿ.