ಜನರೇಟರಿನ ಶಬ್ದವೂ ವಾರ್ಡಿನ ದೀಪವೂ

ಈ ಭಾಷಣಮಾಲಿಕೆಗೆ ಬರುವ ಪತ್ರಗಳು ಕೂಡ್ಲಿಗಿಯವಾಗಿರಲಿ, ಹಡಗಲಿಯವಾಗಿರಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಕಡೆಯವಾಗಿರಲಿ, ಆಸ್ಪತ್ರೆಯ ವಿಷಯವನ್ನು ಎತ್ತಿದವರೆಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಆತಂಕದ ಮುಂದೆ. ಬೇಸಗೆಯ ಸಂಜೆ ಗಾಳಿಮಳೆ ಎದ್ದು, ಬೇವಿನ ಕೊಂಬೆಯೊಂದು ತಂತಿಯ ಮೇಲೆ ಮುರಿದು ಬಿದ್ದು, ಊರಿಗೆ ಊರೇ ಕತ್ತಲಾದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ತಂದೆಯ ಗತಿಯೇನು, ಹೆರಿಗೆಯ ಕೋಣೆಯಲ್ಲಿರುವ ಮಗಳ ಗತಿಯೇನು, ಆಮ್ಲಜನಕದ ನಳಿಗೆಯನ್ನು ನೆಚ್ಚಿ ಉಸಿರಾಡುತ್ತಿರುವ ಅಜ್ಜಿಯ ಗತಿಯೇನು ಎಂಬುದೇ ಆ ಆತಂಕ. ಇದು ನಿರಾಧಾರವಾದ ಭಯವಲ್ಲ. 2022ರ ಸೆಪ್ಟೆಂಬರಿನಲ್ಲಿ, ನಮ್ಮ ಭಾಗದವರು ಕಷ್ಟಕಾಲದಲ್ಲಿ ಓಡಿಹೋಗುವ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ತು ನಿಂತ ದಿನವೇ ತೀವ್ರ ನಿಗಾ ಘಟಕದಲ್ಲಿದ್ದ ರೋಗಿಗಳು ಮೃತರಾದರು. ವೆಂಟಿಲೇಟರ್ ನಿಂತುದೇ ಕಾರಣವೆಂದು ಬಂಧುಗಳು ದೂರಿದರು. ಹಾಗಲ್ಲವೆಂದು ಅಧಿಕಾರಿಗಳು ಹೇಳಿದರು. ಸರ್ಕಾರ ತನಿಖೆಗಾಗಿ ಸಮಿತಿಯನ್ನು ನೇಮಿಸಿತು. ಆ ವಿವಾದದ ತೀರ್ಪನ್ನು ಕೊಡುವುದು ನನ್ನ ಕೆಲಸವಲ್ಲ. ಆದರೆ ಅಂದಿನಿಂದ ನಮ್ಮ ಜನ ಆಸ್ಪತ್ರೆಯ ಹಿತ್ತಲಿನ ಜನರೇಟರನ್ನು ಬೇರೆಯೇ ಕಣ್ಣಿನಿಂದ ನೋಡತೊಡಗಿದ್ದಾರೆ; ಅದು ಒಳ್ಳೆಯದೇ ಆಯಿತು.

ಮೊದಲಿಗೆ, ಬಹಳ ಮಂದಿ ಬರೆಯುವ ಒಂದು ಮಾತನ್ನು ಬಗೆಹರಿಸಿಬಿಡುತ್ತೇನೆ. ಹರಪನಹಳ್ಳಿಯ ಸುತ್ತಣ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರಗಳು ತಿರುಗುತ್ತಿರುವಾಗ ನಮ್ಮ ಆಸ್ಪತ್ರೆಗೇ ಏಕೆ ವಿದ್ಯುತ್ತಿಲ್ಲ ಎಂದು ಅವರು ಕೇಳುತ್ತಾರೆ. ಆ ಯಂತ್ರಗಳ ವಿದ್ಯುತ್ತು ಉಚ್ಚ ವೋಲ್ಟೇಜಿನ ಮಾರ್ಗವಾಗಿ ನಾಡಿನ ಜಾಲವನ್ನು ಸೇರುತ್ತದೆ. ಆಸ್ಪತ್ರೆಗೆ ಬರುವುದಾದರೋ ಉಪಕೇಂದ್ರದಿಂದ ಹೊರಟ 11 ಕೆವಿ ತಂತಿಯ ಮೂಲಕ. ಆ ತಂತಿ ತುಂಡಾದರೆ ಗುಡ್ಡದ ಮೇಲೆ ಎಷ್ಟು ಗಾಳಿ ಬೀಸಿದರೂ ವಾರ್ಡಿನ ದೀಪ ಹತ್ತದು. ಈ ಪ್ರಶ್ನೆಯನ್ನು ಇನ್ನು ಮುಂದೆ ದಯವಿಟ್ಟು ಬಿಡಬೇಕು. ಕೇಳಬೇಕಾದ ಪ್ರಶ್ನೆ ಬೇರೆಯಿದೆ.

ಎರಡನೆಯ ಭ್ರಾಂತಿ ಇದಕ್ಕಿಂತ ಅಪಾಯಕಾರಿಯಾದುದು. 2021ರ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದ ಅವಧಿಯಲ್ಲಿ 24 ರೋಗಿಗಳು ತೀರಿಕೊಂಡ ವಾರ್ತೆಯನ್ನು ಯಾರೂ ಮರೆತಿರಲಾರರು. ಆ ವರ್ಷ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವ ಆಮ್ಲಜನಕವನ್ನು ತುಂಬಿಕೊಂಡು ಹೊರಡುತ್ತಿದ್ದ ಟ್ಯಾಂಕರುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅದಾದ ಮೇಲೆ ತಾಲ್ಲೂಕು ಆಸ್ಪತ್ರೆಗಳ ಅಂಗಳದಲ್ಲಿ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಘಟಕಗಳು ಎದ್ದು ನಿಂತವು. ಇನ್ನು ನಮಗೆ ಉಸಿರಿನ ಚಿಂತೆಯಿಲ್ಲವೆಂದು ಜನ ನೆಮ್ಮದಿಗೊಂಡರು. ಆದರೆ ಈ ಘಟಕದ ಪ್ರಾಣವಿರುವುದು ಅದರ ಕಂಪ್ರೆಸರಿನಲ್ಲಿ. ಗಾಳಿಯನ್ನು ಒತ್ತಿ, ಒಣಗಿಸಿ, ಜಿಯೊಲೈಟ್ ಹರಳುಗಳ ಮೂಲಕ ಹಾಯಿಸಿ, ಸಾರಜನಕವನ್ನು ಅಲ್ಲಿಯೇ ಹಿಡಿದು ನಿಲ್ಲಿಸಿ, ಶೇಕಡಾ 93ರ ಆಸುಪಾಸಿನ ಆಮ್ಲಜನಕವನ್ನು ಮುಂದಕ್ಕೆ ಕಳುಹಿಸುವ ಈ ಕ್ರಿಯೆ ಆದ್ಯಂತವಾಗಿ ವಿದ್ಯುತ್ತನ್ನು ಅವಲಂಬಿಸಿದುದು. ವಿದ್ಯುತ್ತು ಹೋದ ಕೆಲವೇ ನಿಮಿಷಗಳಲ್ಲಿ, ತೊಟ್ಟಿಯಲ್ಲಿ ಉಳಿದುದು ಮುಗಿಯುತ್ತಲೇ, ಘಟಕ ಮೂಕವಾಗುತ್ತದೆ. ಆದಕಾರಣ ಸಿಲಿಂಡರುಗಳ ಸಾಲು ಪಕ್ಕದಲ್ಲಿ ಸಿದ್ಧವಾಗಿರಲೇಬೇಕು. ಇವೆಲ್ಲವನ್ನೂ ಹೊತ್ತು ನಿಲ್ಲಬೇಕಾದುದು ಮತ್ತೆ ಅದೇ ಜನರೇಟರು.

ನಾನು ಹೇಳಬೇಕೆಂದು ಬಂದಿರುವ ಮುಖ್ಯ ವಿಚಾರ ಇಲ್ಲಿದೆ. ಸರ್ಕಾರಿ ಕಟ್ಟಡಗಳ ವಿದ್ಯುತ್ ಕೆಲಸದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನಾದ ನನಗೆ, ಜನರೇಟರಿಲ್ಲದ ಆಸ್ಪತ್ರೆ ಕಣ್ಣಿಗೆ ಬಿದ್ದುದು ಅಪರೂಪ. ಜನರೇಟರನ್ನು ಸರಿಯಾಗಿ ಪರೀಕ್ಷಿಸಿದ ಆಸ್ಪತ್ರೆ ಕಣ್ಣಿಗೆ ಬಿದ್ದುದು ಅದಕ್ಕಿಂತಲೂ ಅಪರೂಪ. ವಾರಕ್ಕೊಮ್ಮೆ ಗುಂಡಿಯನ್ನೊತ್ತಿ ಐದು ನಿಮಿಷ ಓಡಿಸಿ, ಶಬ್ದ ಕೇಳಿಸಿತಲ್ಲವೇ ಎಂದು ನಿಲ್ಲಿಸಿ, ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕುತ್ತಾರೆ. ಪರಿಶೀಲನೆಗೆ ಬಂದವರೂ ಆ ಸಹಿಯನ್ನು ನೋಡಿ ತೃಪ್ತರಾಗುತ್ತಾರೆ. ಭಾರವಿಲ್ಲದೆ ಓಡಿದ ಈ ಓಟ ಪರೀಕ್ಷೆಯೇ ಅಲ್ಲ. ಕುರುವತ್ತಿಯ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಲು ಹೋದ ರೈತನು ಅದರ ಹೊಳೆಯುವ ಮೈಯನ್ನು ನೋಡಿ ಹಣ ಎಣಿಸಿಬಿಡುವುದಿಲ್ಲ. ನೊಗಕ್ಕೆ ಹೂಡಿ, ಭಾರವನ್ನು ಎಳೆಯಿಸಿ, ಆಮೇಲೆ ಮಾತನಾಡುತ್ತಾನೆ. ಅಷ್ಟು ವಿವೇಕವನ್ನು ನಾವು ಆಸ್ಪತ್ರೆಯ ಯಂತ್ರದ ವಿಷಯದಲ್ಲಿ ತೋರಿಸುವುದು ಬೇಡವೇ?

ಭಾರವಿಲ್ಲದ ಪರೀಕ್ಷೆ ಹೇಗೆ ಮೋಸಮಾಡುತ್ತದೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ಡೀಸೆಲ್ ಎಂಜಿನು ಭಾರ ಬಿದ್ದಾಗ ಮಾತ್ರ ತಕ್ಕಷ್ಟು ಕಾಯುತ್ತದೆ. ಬರಿದೆ ಓಡಿದರೆ ಎಣ್ಣೆ ಪೂರ್ತಿ ಉರಿಯದೆ, ಮಸಿಯೊಡನೆ ಬೆರೆತು, ಹೊಗೆಕೊಳವೆಯ ಬಾಯಲ್ಲಿ ಕಪ್ಪಾಗಿ ಜಿನುಗುತ್ತದೆ. ಹೀಗೆ ವರ್ಷಗಟ್ಟಲೆ ಬರಿದೆ ಓಡಿದ ಎಂಜಿನಿನ ಮೇಲೆ ಒಂದು ರಾತ್ರಿ ಹಠಾತ್ತಾಗಿ ಪೂರ್ಣ ಭಾರ ಬಿದ್ದಾಗ ಅದು ಏದುಸಿರು ಬಿಟ್ಟು ನಿಂತುಹೋದರೆ ಆಶ್ಚರ್ಯವೇನು? ಬ್ಯಾಟರಿಯ ಮೋಸ ಇನ್ನೂ ಸೂಕ್ಷ್ಮವಾದುದು. ಸುಮ್ಮನಿರುವ 12 ವೋಲ್ಟಿನ ಬ್ಯಾಟರಿಗೆ ಮೀಟರು ಮುಟ್ಟಿಸಿದರೆ 12.6 ತೋರಿಸುತ್ತದೆ, ಎಲ್ಲವೂ ಸರಿಯೆಂದು ಮನಸ್ಸು ಒಪ್ಪುತ್ತದೆ. ಸ್ಟಾರ್ಟರು ಎಂಜಿನನ್ನು ತಿರುಗಿಸುವ ಆ ಕ್ಷಣದಲ್ಲಿ ಮುಳ್ಳು ಎಲ್ಲಿಗಿಳಿಯುತ್ತದೆಂಬುದನ್ನು ನೋಡಬೇಕು. ಅದು 9.6ಕ್ಕಿಂತ ಕೆಳಗೆ ಕುಸಿಯುವುದಾದರೆ ಆ ಬ್ಯಾಟರಿಯನ್ನು ನಂಬತಕ್ಕದ್ದಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಬಗೆಯ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಕೆಲಸ ಬಲ್ಲವರೆಲ್ಲರಿಗೂ ಗೊತ್ತು. ನಮ್ಮ ಸೀಮೆಯ ಏಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತ ಬ್ಯಾಟರಿಯ ಪಾಡನ್ನು ತಾವೇ ಊಹಿಸಿಕೊಳ್ಳಬಹುದು.

ಭಾರದ ಲೆಕ್ಕವೂ ಅಷ್ಟೇ ಮುಖ್ಯವಾದುದು. ಆಸ್ಪತ್ರೆಯಲ್ಲಿ ದೀಪ, ಫ್ಯಾನು, ನೀರಿನ ಪಂಪುಗಳಷ್ಟೇ ಇದ್ದ ಕಾಲದಲ್ಲಿ 62.5 ಕೆವಿಎ ಜನರೇಟರೊಂದನ್ನು ಕೊಂಡಿದ್ದರೆನ್ನಿ. ಅದರಿಂದ ಸಿಗತಕ್ಕದ್ದು ಹೆಚ್ಚೆಂದರೆ 50 ಕಿಲೋವಾಟ್. ಆಮೇಲೆ ಡಯಾಲಿಸಿಸ್ ಬಂತು, ಅದರ ನೀರಿನ ಶುದ್ಧೀಕರಣ ಯಂತ್ರ ಬಂತು, ಶಸ್ತ್ರಚಿಕಿತ್ಸೆಯ ಕೋಣೆಗೆ ಏಸಿ ಬಂತು, ನವಜಾತ ಶಿಶುಗಳಿಗೆ ವಾರ್ಮರುಗಳು ಬಂದವು, ಆಮ್ಲಜನಕದ ಕಂಪ್ರೆಸರೂ ಬಂತು. ಈ ಕಂಪ್ರೆಸರಿನಂತಹ ದೊಡ್ಡ ಮೋಟಾರು ನೇರವಾಗಿ ಚಾಲೂ ಆಗುವ ಕ್ಷಣದಲ್ಲಿ ತನ್ನ ಸಹಜ ವಿದ್ಯುತ್ಪ್ರವಾಹದ ಆರು ಪಟ್ಟಿನಷ್ಟನ್ನು ಎಳೆಯುತ್ತದೆ. ಯಂತ್ರಗಳೆಲ್ಲ ಬಂದವು, ಜನರೇಟರು ಮಾತ್ರ ಹಳೆಯದೇ ಉಳಿಯಿತು. ಶಬ್ದ ಮಾತ್ರ ಮೊದಲಿನಂತೆಯೇ ಕೇಳಿಸುತ್ತದೆ!

ಇನ್ನು ಶಬ್ದ ಬಂದ ಮಾತ್ರಕ್ಕೆ ವಿದ್ಯುತ್ತು ಹಾಸಿಗೆಯನ್ನು ತಲಪಿತೆಂದೂ ಅಲ್ಲ. ಹೆಸರು ಬೇಡ, ಒಂದು ಆಸ್ಪತ್ರೆಗೆ ರಾತ್ರಿಯ ಹೊತ್ತು ಹೋಗಿದ್ದೆ. ಹಿತ್ತಲಲ್ಲಿ ಜನರೇಟರು ಗುಡುಗುತ್ತಿತ್ತು, ಹೆರಿಗೆಯ ವಾರ್ಡಿನಲ್ಲಿ ದಾದಿಯೊಬ್ಬರು ಮೊಬೈಲ್ ಫೋನಿನ ಬೆಳಕು ಹಿಡಿದು ನಿಂತಿದ್ದರು. ಲೈನಿನಿಂದ ಜನರೇಟರಿಗೆ ಬದಲಾಯಿಸುವ ಚೇಂಜ್ ಓವರ್ ಸ್ವಿಚ್ಚಿದ್ದ ಕೋಣೆಗೆ ಬೀಗ; ಬೀಗದ ಕೈ ರಜೆಯ ಮೇಲೆ ಊರಿಗೆ ಹೋಗಿದ್ದ ಎಲೆಕ್ಟ್ರಿಷಿಯನ್ನನ ಜೇಬಿನಲ್ಲಿ. ಆ ವಾರದ ರಿಜಿಸ್ಟರಿನಲ್ಲಿಯೂ ‘ಸುಸ್ಥಿತಿಯಲ್ಲಿದೆ’ ಎಂದೇ ಬರೆದಿತ್ತು. ಬರೆದವನು ಸುಳ್ಳು ಬರೆದಿರಲಿಲ್ಲ. ಎಂಜಿನು ಸುಸ್ಥಿತಿಯಲ್ಲಿಯೇ ಇತ್ತು. ಅವನಿಗೆ ನೋಡಲು ಹೇಳಿದ್ದು ಎಂಜಿನನ್ನು ಮಾತ್ರ. ಎಂಜಿನಿನಿಂದ ಹಾಸಿಗೆಯವರೆಗಿನ ದಾರಿಯನ್ನು ನೋಡೆಂದು ಯಾರೂ ಅವನಿಗೆ ಕಲಿಸಿರಲಿಲ್ಲ.

ಇದು ನಮ್ಮಂತಹ ಬಡ ಸೀಮೆಯ ಸಮಸ್ಯೆಯೆಂದು ಭಾವಿಸುವವರಿಗೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಸಂಗತಿಯನ್ನು ನೆನಪಿಸುತ್ತೇನೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅಲ್ಲಿಯ ಜನರೇಟರುಗಳು ನೆರೆ ಮುಟ್ಟಲಾರದಂತೆ ಹದಿಮೂರನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವು; ಎಣ್ಣೆಯನ್ನು ಮೇಲೇರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿದ್ದು ನೀರಿನಲ್ಲಿ ಮುಳುಗಿದವು. ಸಿಬ್ಬಂದಿಯವರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಡೀಸೆಲ್ಲನ್ನು ಕೈಯಿಂದ ಕೈಗೆ ದಾಟಿಸಿ ಯಂತ್ರವನ್ನು ಉಳಿಸಿಕೊಂಡರು. ಆದರೂ ಕೊನೆಗೆ ಆಸ್ಪತ್ರೆಯನ್ನು ತೆರವುಮಾಡಬೇಕಾಯಿತು. ಎಲ್ಲವನ್ನೂ ನೋಡಿ, ದಾರಿಯ ಒಂದು ಕೊಂಡಿಯನ್ನು ಮರೆತುದರ ಫಲವಿದು.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಅಮೆರಿಕದ ರಾಷ್ಟ್ರೀಯ ಅಗ್ನಿಸಂರಕ್ಷಣಾ ಸಂಘದ 110ನೆಯ ಮಾನಕವು, ತಿಂಗಳಿಗೊಮ್ಮೆ ಕನಿಷ್ಠ 30 ನಿಮಿಷ, ಯಂತ್ರದ ಮೇಲೆ ಬರೆದ ಸಾಮರ್ಥ್ಯದ ಶೇಕಡಾ 30ಕ್ಕೆ ಕಡಿಮೆಯಿಲ್ಲದ ಭಾರವನ್ನು ಹೊರಿಸಿ ಓಡಿಸಬೇಕೆಂದು ಹೇಳುತ್ತದೆ. ನಮ್ಮಲ್ಲಿ ಮಾಡುವುದಕ್ಕೂ ಇದು ಕಷ್ಟವಲ್ಲ. ಶಸ್ತ್ರಚಿಕಿತ್ಸೆಯಾಗಲಿ ಡಯಾಲಿಸಿಸ್ ಆಗಲಿ ಇಲ್ಲದ ಹೊತ್ತನ್ನು ಗೊತ್ತುಮಾಡಿ, ವೈದ್ಯಾಧಿಕಾರಿಗಳ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ವಾರ್ಡಿನ ದಾದಿಯರಿಗೆ ಮುಂಚಿತವಾಗಿ ತಿಳಿಸಿ, ಆಮ್ಲಜನಕದ ಸಿಲಿಂಡರುಗಳನ್ನು ತೆರೆದಿಟ್ಟುಕೊಂಡು, ಮುಖ್ಯ ಸ್ವಿಚ್ಚನ್ನು ಆಫ್ ಮಾಡಬೇಕು. ಆಮೇಲೆ ಗಡಿಯಾರ ನೋಡಬೇಕು. ಎಷ್ಟು ಸೆಕೆಂಡಿಗೆ ಯಂತ್ರ ಎದ್ದಿತು, ಎಷ್ಟು ಸೆಕೆಂಡಿಗೆ ವಾರ್ಡಿನ ದೀಪ ಹತ್ತಿತು, ಯಾವ ಪ್ಲಗ್ಗಿನಲ್ಲಿ ವಿದ್ಯುತ್ತು ಬಂತು, ಯಾವುದರಲ್ಲಿ ಬರಲಿಲ್ಲ, ಭಾರ ಎಷ್ಟು ಆಂಪೇರಿಗೆ ಏರಿತು ಎಂಬುದೆಲ್ಲವನ್ನೂ ಬರೆದಿಡಬೇಕು. ಮತ್ತೆ ಹೇಳುತ್ತೇನೆ: ಭಾರ ಹೊರಿಸಿ ನೋಡಬೇಕು, ಶಬ್ದ ಕೇಳಿ ಹಿಂದಿರುಗಬಾರದು. ಸಹಿಯ ಪಕ್ಕದಲ್ಲಿ ಅಂಕಿಗಳಿರಬೇಕು. ಅಂಕಿಯಿಲ್ಲದ ಸಹಿಯನ್ನು ಪರಿಶೀಲಕರು ಒಪ್ಪಬಾರದು.

ಈ ಕೆಲಸವನ್ನು ಮಾಡತಕ್ಕ ಜನರ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಂ ಎಂಜಿನಿಯರು ಇರುವುದು ಬಹಳ ವಿರಳ. ಅಲ್ಲಿರುವವನು ಸಾಮಾನ್ಯವಾಗಿ ಗುತ್ತಿಗೆಯ ಮೇಲೆ ಬಂದ ಎಲೆಕ್ಟ್ರಿಷಿಯನ್ನು. ಅವನಲ್ಲಿ ವೈರ್‌ಮನ್ ಪರ್ಮಿಟ್ ಇದೆಯೇ, ಅವನ ಮೇಲಿನವರಲ್ಲಿ ಸೂಪರ್‌ವೈಸರ್ ಪರ್ಮಿಟ್ ಇದೆಯೇ ಎಂಬುದನ್ನು ಮೊದಲು ನೋಡಬೇಕು. ತರಬೇತಿಯೆಂದರೆ ಬೆಂಗಳೂರಿನ ಸಭಾಂಗಣವೊಂದರಲ್ಲಿ ಪರದೆಯ ಮೇಲೆ ಚಿತ್ರಗಳನ್ನು ನೋಡಿ ಪ್ರಮಾಣಪತ್ರ ತರುವುದು ಎಂಬ ಅಭ್ಯಾಸ ನನಗೆ ಸಮ್ಮತವಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ ಒಬ್ಬ ಆಮ್ಲಜನಕ ಮೇಲ್ವಿಚಾರಕನನ್ನು ತಯಾರುಮಾಡುವ ಕಾರ್ಯಕ್ರಮವನ್ನು ಆರಂಭಿಸಿದುದು ಸ್ತುತ್ಯವಾದ ಹೆಜ್ಜೆ. ಆದರೆ ಜಿಲ್ಲೆಯ ಒಬ್ಬನು ಕಲಿತುದು ಹಡಗಲಿಯ ಆಸ್ಪತ್ರೆಯ ಹಿತ್ತಲಿನ ಶೆಡ್ಡಿಗೆ ಬರಬೇಕಾದರೆ, ಪಾಠ ನಡೆಯಬೇಕಾದುದು ಆ ಶೆಡ್ಡಿನಲ್ಲಿಯೇ. ಕಲಿಯುವವನ ಕೈಯೇ ಸ್ವಿಚ್ಚನ್ನು ಎಳೆಯಬೇಕು, ಪಕ್ಕದಲ್ಲಿ ದಾದಿಯೂ ನಿಂತಿರಬೇಕು. ವಿದ್ಯುತ್ತು ನಿಂತಾಗ ಡಯಾಲಿಸಿಸ್ ಯಂತ್ರದ ರಕ್ತದ ಪಂಪನ್ನು ಕೈಯಿಂದ ತಿರುಗಿಸಿ ರೋಗಿಯ ರಕ್ತವನ್ನು ಅವನ ಮೈಗೆ ಮರಳಿಸಬಹುದು. ಅದನ್ನು ಕತ್ತಲಲ್ಲಿ ಮೊದಲ ಬಾರಿಗೆ ಕಲಿಯುವಂತಾಗಬಾರದು.

ಸಮಯ ಮೀರುತ್ತಿರುವುದರಿಂದ ಕಾಗದಪತ್ರದ ವಿಷಯವನ್ನೂ ಬೆಂಕಿಯ ವಿಷಯವನ್ನೂ ಬೇಗ ಬೇಗ ಹೇಳಿಬಿಡುತ್ತೇನೆ. ಜನರೇಟರಿನ ಅಳವಡಿಕೆಗೆ ವಿದ್ಯುತ್ ಪರಿವೀಕ್ಷಕರ ಅನುಮೋದನೆಯ ಪತ್ರ ಕಡತದಲ್ಲಿದೆಯೇ ನೋಡಿ. ಕಡತಗಳ ವಿಷಯದಲ್ಲಿ ಹರಪನಹಳ್ಳಿಯವರಿಗೆ ವಿಶೇಷ ಸೂಚನೆಯುಂಟು: ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತಾದ ಕಾರಣ, ಹಳೆಯ ಅನುಮತಿಪತ್ರಗಳ ಪ್ರತಿಗಳನ್ನು ಆಸ್ಪತ್ರೆಯಲ್ಲಿಯೇ ಒಂದು ಕಡೆ ಸೇರಿಸಿಟ್ಟುಕೊಳ್ಳುವುದು ಕ್ಷೇಮ. ಅಗ್ನಿಯ ವಿಷಯ ಒಂದೇ ಮಾತು: 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದು 10 ಶಿಶುಗಳು ಅಸುನೀಗಿದವು, ಅಂತಹ ಘಟಕದಲ್ಲಿ ಒಂದೇ ಪ್ಲಗ್ಗಿಗೆ ಹಲವು ಯಂತ್ರಗಳನ್ನು ಸಿಕ್ಕಿಸುವ ಎಕ್ಸ್‌ಟೆನ್ಷನ್ ಬೋರ್ಡನ್ನು ಕಂಡರೆ ಆ ದಿನವೇ ತೆಗೆಸಬೇಕು.

ಹಣವಿಲ್ಲವೆಂಬ ಉತ್ತರವನ್ನು ತಾವು ಸುಲಭವಾಗಿ ಒಪ್ಪಬೇಕಾಗಿಲ್ಲ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿಯೊಂದಿದೆ. ಊರಿನವರಿಗೂ ಅದರಲ್ಲಿ ಸ್ಥಾನವಿದೆ. ಬ್ಯಾಟರಿಯೊಂದನ್ನು ಕೊಳ್ಳುವಷ್ಟು, ಒಂದು ಗಂಟೆಯ ಡೀಸೆಲ್ ಭರಿಸುವಷ್ಟು ಖರ್ಚು ಅದರ ಕೈ ಮೀರಿದುದಲ್ಲ. ತಮ್ಮ ಊರಿನ ಸಮಿತಿಯ ಸದಸ್ಯರು ಯಾರೆಂದು ತಿಳಿದುಕೊಂಡು, ಮುಂದಿನ ಸಭೆಯಲ್ಲಿ ಜನರೇಟರಿನ ರಿಜಿಸ್ಟರನ್ನು ತರಿಸುವಂತೆಯೂ, ಕಳೆದ ತಿಂಗಳ ಪರೀಕ್ಷೆಯಲ್ಲಿ ಭಾರ ಎಷ್ಟಿತ್ತು, ಹೆರಿಗೆಯ ವಾರ್ಡಿನ ದೀಪ ಎಷ್ಟು ಸೆಕೆಂಡಿಗೆ ಹತ್ತಿತು ಎಂದು ಕೇಳುವಂತೆಯೂ ಅವರಿಗೆ ಹೇಳಿ. ಮುಂಗಾರಿನ ಮುಂಚಿನ ಗಾಳಿ ಏಳುವ ಮೊದಲೇ, ಮಾರ್ಚ್ ತಿಂಗಳ ಸಭೆಯಲ್ಲಿಯೇ ಕೇಳಿಸಿ.