ಕಣ್ಣು ಮುಚ್ಚಿದ ಮೇಲೆ ಮಿದುಳು ಏನು ಮಾಡುತ್ತದೆ?

ಮಿದುಳಿನ ಅಲೆಗಳ ಈ ಪ್ರದರ್ಶನಕ್ಕೆ ವಿದ್ಯಾರ್ಥಿಗಳು, ಶಿಕ್ಷಕರು, ಮನೆಯಲ್ಲೊಬ್ಬ ಮನೋರೋಗಿಯನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಾ ಬಂದವರು ಸೇರಿದ್ದೀರಿ. ನಾನಿವತ್ತು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಆ ಮನೆಯವರಿಗೇ.

1924ರಲ್ಲಿ ಜರ್ಮನಿಯ ಯೆನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಪ್ರಕಟಿಸಿದ್ದು 1929ರಲ್ಲಿ. ಕಣ್ಣು ಮುಚ್ಚಿ ಸುಮ್ಮನಿದ್ದಾಗ ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ಅಲೆಯನ್ನು ಆಲ್ಫಾ ಎಂದು ಕರೆದವರು ಅವರೇ. ಬರ್ಗರ್ ಮನೋವೈದ್ಯರು. ಆದರೆ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಅವರ ವಿಧಾನ, ಅಂದರೆ ಇಇಜಿ, ಮುಂದೆ ಹೆಚ್ಚು ಕೆಲಸಕ್ಕೆ ಬಂದದ್ದು ಮೂರ್ಛೆರೋಗದ ಪತ್ತೆಯಲ್ಲಿ. ಮನೋರೋಗಿಗಳ ಕಡೆಗೆ ಅದನ್ನು ಮತ್ತೆ ತಿರುಗಿಸಿದವರಲ್ಲಿ ಆಗ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿದ್ದ ಉಲ್ರಿಖ್ ಹೆಗೆರ್ಲ್ ಮತ್ತು ಅವರ ತಂಡದವರು ಪ್ರಮುಖರು.

ಹೆಗೆರ್ಲ್ ತಂಡದವರು ಇಇಜಿ ದಾಖಲಿಸುವಾಗ ರೋಗಿಗೆ ಲೆಕ್ಕ ಕೊಡುವುದಿಲ್ಲ, ಚಿತ್ರ ತೋರಿಸುವುದಿಲ್ಲ. ಕಣ್ಣು ಮುಚ್ಚಿ ಹದಿನೈದಿಪ್ಪತ್ತು ನಿಮಿಷ ಹಾಯಾಗಿರಿ, ಜೋಂಪು ಬಂದರೆ ತಡೆಯಬೇಡಿ ಎನ್ನುತ್ತಾರೆ, ಅಷ್ಟೆ. ‘ವಿಗಾಲ್’ ಎಂಬ ಅವರ ಗಣಕ ವಿಧಾನ ಆ ದಾಖಲೆಯ ಒಂದೊಂದು ಸೆಕೆಂಡನ್ನೂ ತೂಗಿ, ಮಿದುಳು ಆ ಕ್ಷಣ ಎಚ್ಚರದ ಯಾವ ಮೆಟ್ಟಿಲಲ್ಲಿತ್ತು ಎಂದು ಗುರುತಿಸುತ್ತದೆ. ಮೊದಲು ತಲೆಯ ಹಿಂಭಾಗದಲ್ಲಿ ಆಲ್ಫಾ ಎದ್ದು ಕಾಣುತ್ತದೆ. ಬರಬರುತ್ತಾ ಅದು ಮುಂಭಾಗಕ್ಕೆ ಸರಿಯುತ್ತದೆ, ಆಮೇಲೆ ಕರಗುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ನಿಧಾನ ಹೊರಳತೊಡಗುತ್ತದೆ, ಉದ್ದುದ್ದ ಅಲೆಗಳು ಬರುತ್ತವೆ. ಕೊನೆಗೆ ನಿದ್ದೆ.

ಆರೋಗ್ಯವಂತರಲ್ಲಿ ಬಹಳ ಮಂದಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಾರೆ. ಖಿನ್ನತೆಯಿರುವವರ ಗುಂಪಿನಲ್ಲಿ ಕಂಡದ್ದೇ ಬೇರೆ. ಅವರು ಸುಸ್ತು, ಸುಸ್ತು ಎನ್ನುತ್ತಿರುತ್ತಾರೆ. ಹಲವರ ಮಿದುಳು ಮಾತ್ರ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಿರುತ್ತದೆ, ಇಳಿಯಲು ಒಪ್ಪುವುದಿಲ್ಲ. ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ದಿನವಿಡೀ ಹಾಸಿಗೆಯಲ್ಲೇ ಇರುವ ಮಗಳಿಗೆ, ಗಂಡನಿಗೆ, ‘ಮಲಗಿ ಮಲಗಿ ಸೋಮಾರಿಯಾಗಿದ್ದೀಯ’ ಎಂದು ಅದೆಷ್ಟು ಮನೆಗಳಲ್ಲಿ ಬೈಯುತ್ತೇವೆ! ಮಲಗಿದ್ದರೂ ಅವರಿಗೆ ವಿಶ್ರಾಂತಿ ಸಿಕ್ಕಿರಲಿಕ್ಕಿಲ್ಲ. ಒಂದು ರಾತ್ರಿ ಪೂರ್ತಿ ನಿದ್ದೆಗೆಡಿಸಿದರೆ ಹಲವರಲ್ಲಿ ಖಿನ್ನತೆ ತಾತ್ಕಾಲಿಕವಾಗಿ ಇಳಿಯುತ್ತದೆ ಎಂಬ ವೈದ್ಯರ ಹಳೆಯ ಅನುಭವಕ್ಕೂ ಮಿದುಳು ಹೀಗೆ ಮೇಲೇ ನಿಲ್ಲುವುದು ಹೊಂದುತ್ತದೆ; ನಿದ್ದೆಗೆಟ್ಟ ಮಿದುಳು ಮೆಟ್ಟಿಲಿಳಿಯಲು ಬೇಗ ಒಪ್ಪುತ್ತದೆ. ನಿದ್ದೆಗೆಡಿಸುವುದನ್ನು ಮನೆಯಲ್ಲಿ ಮಾಡಿನೋಡಲು ಹೋಗಬೇಡಿ. ಖಿನ್ನತೆಯೂ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಿದ್ದವರಿಗೆ ನಿದ್ದೆಗೆಟ್ಟರೆ ಉನ್ಮಾದವೇ ಕೆರಳಬಹುದು.

ಉನ್ಮಾದದಲ್ಲಿ ಚಿತ್ರ ತಿರುವುಮುರುವು. ಕಣ್ಣು ಮುಚ್ಚಿಸಿದ ಸ್ವಲ್ಪ ಹೊತ್ತಿಗೇ ಹಲವರ ಮಿದುಳು ಮಂಪರಿಗೆ ಜಾರುತ್ತದೆ. ಗಮನ ನಿಲ್ಲದ, ಅತಿಚಟುವಟಿಕೆಯ ಎಡಿಎಚ್‌ಡಿ ತೊಂದರೆ ಇರುವವರಲ್ಲೂ ಇಂಥದ್ದೇ ಅಸ್ಥಿರತೆ ಕಂಡಿದೆ. ಹಾಗಿದ್ದರೆ ಅವರ ಓಡಾಟ, ಮಾತು, ಗದ್ದಲ ಎಲ್ಲ ಜಾರುತ್ತಿರುವ ಎಚ್ಚರವನ್ನು ಹಿಡಿದಿಟ್ಟುಕೊಳ್ಳುವ ಪ್ರಯತ್ನವೇ ಇರಬಹುದೇ ಎಂದು ಹೆಗೆರ್ಲ್ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ. ಎಡಿಎಚ್‌ಡಿಗೆ ಕೊಡುವ, ಎಚ್ಚರ ಹೆಚ್ಚಿಸುವ ಮೀಥೈಲ್‌ಫೆನಿಡೇಟ್ ಔಷಧಿಯನ್ನು ಉನ್ಮಾದದ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ನಿರೀಕ್ಷಿಸಿದ ಗುಣ ಕಾಣಲಿಲ್ಲ. 2018ರಲ್ಲಿ ಆ ಫಲಿತಾಂಶವನ್ನೂ ಪ್ರಕಟಿಸಿದರು. ಈ ಪ್ರಾಮಾಣಿಕತೆಯಿಂದಾಗಿ ಅವರ ಉಳಿದ ಮಾತಿನ ಮೇಲೆ ನನಗೆ ಭರವಸೆ ಹೆಚ್ಚಿದೆ.

ಒಂದು ಎಚ್ಚರಿಕೆ. ಇವೆಲ್ಲ ಗುಂಪುಗುಂಪುಗಳನ್ನು ಹೋಲಿಸಿದಾಗ ತಿಳಿದ ವ್ಯತ್ಯಾಸಗಳು. ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ಕಾಫಿ, ನುಂಗುತ್ತಿರುವ ಮಾತ್ರೆ, ಎಲ್ಲವೂ ಈ ಅಲೆಗಳನ್ನು ಬದಲಿಸುತ್ತವೆ. ಹಾಗಾಗಿ ಬರೀ ಇಇಜಿ ನೋಡಿ ನಿಮ್ಮ ಮನೋರೋಗ ಇಂಥದ್ದೇ ಎಂದು ಯಾರಾದರೂ ಬರೆದುಕೊಟ್ಟರೆ ಒಪ್ಪಬೇಡಿ. ರೋಗಿಯ ಎದುರು ಕುಳಿತು ಕೇಳುವ ವೈದ್ಯರ ಕೆಲಸವನ್ನು ಇದು ಮಾಡಲಾರದು. ಆದರೆ ಸೂಜಿಯಿಲ್ಲ, ನೋವಿಲ್ಲ, ಎಂಆರ್‌ಐನಷ್ಟು ಖರ್ಚೂ ಇಲ್ಲ. ಯಾವ ರೋಗಿಗೆ ಯಾವ ಔಷಧಿ ಒಗ್ಗೀತು ಎಂದು ಮುಂಚೆಯೇ ತಿಳಿಯಲು ಇದು ನೆರವಾದೀತೇ ಎಂಬ ಹುಡುಕಾಟ ನಡೆಯಲೇಬೇಕು.

ಒಳಗೆ ಇಇಜಿ ಟೋಪಿ ಇಟ್ಟಿದ್ದಾರೆ. ಮಕ್ಕಳೇ, ಒಬ್ಬರು ಹಾಕಿಕೊಂಡು ಕಣ್ಣು ಮುಚ್ಚಿ, ತೆರೆಯಿರಿ. ಉಳಿದವರು ಪರದೆಯ ಮೇಲೆ ಆಲ್ಫಾ ಏಳುವುದನ್ನೂ ಅಡಗುವುದನ್ನೂ ನೋಡಿ. ಹಿರಿಯರು ಅಲ್ಲಿರುವ ವೈದ್ಯರನ್ನು ಸಂಕೋಚವಿಲ್ಲದೆ ಪ್ರಶ್ನೆ ಕೇಳಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಬನ್ನಿ, ಒಳಗೆ ಹೋಗೋಣ.